ಸೂರ್ಯ ಅಷ್ಟು ದೊಡ್ಡವನು, ಆದರೂ ಸಮುದ್ರ ಚಂದ್ರನ ಮಾತನ್ನೇ ಯಾಕೆ ಕೇಳುತ್ತದೆ?

ಪ್ರಶ್ನೆ: ಉಬ್ಬರವಿಳಿತಕ್ಕೆ ಚಂದ್ರ ಕಾರಣ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಸೂರ್ಯನ ಸೆಳೆತವೇ ಜಾಸ್ತಿ ಅಲ್ವಾ?

ಉತ್ತರ: ಜಾಸ್ತಿಯೇ. ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದಕ್ಕಿಂತ ಸುಮಾರು 180 ಪಟ್ಟು ಹೆಚ್ಚು. ಆದರೆ ಇಡೀ ಭೂಮಿಯನ್ನು ಒಂದೇ ಸಮ ಎಳೆದರೆ ನೆಲ, ನೀರು ಎರಡೂ ಒಟ್ಟಿಗೇ ಸರಿಯುತ್ತವೆ. ಉಬ್ಬರ ಬರಬೇಕಾದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಳೆಯಬೇಕು.

ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಭೂಮಿಯ ಅಡ್ಡಳತೆ 12,700 ಕಿ.ಮೀ. ಚಂದ್ರನಿಗೆ ಎದುರಾಗಿರುವ ಮಗ್ಗುಲಿನ ಮೇಲೆ ಅವನ ಸೆಳೆತ, ಆಚೆ ಮಗ್ಗುಲಿಗಿಂತ ನೂರಕ್ಕೆ ಏಳರಷ್ಟು ಜಾಸ್ತಿ. ಸೂರ್ಯನೋ 15 ಕೋಟಿ ಕಿ.ಮೀ. ಆಚೆ ಇದ್ದಾನೆ. ಅವನಿಗೆ ನಮ್ಮ ಎರಡೂ ಮಗ್ಗುಲು ಹೆಚ್ಚುಕಡಿಮೆ ಒಂದೇ ದೂರ. ಸೆಳೆತದ ವ್ಯತ್ಯಾಸ ಆರು ಸಾವಿರದಲ್ಲಿ ಒಂದು ಪಾಲು. ಅಷ್ಟೊಂದು ಬಲವಿದ್ದೂ ಉಬ್ಬರದಲ್ಲಿ ಸೂರ್ಯನ ಕೈವಾಡ ಚಂದ್ರನದರ ಅರ್ಧಕ್ಕೂ ಸ್ವಲ್ಪ ಕಡಿಮೆ, ನೂರಕ್ಕೆ 46.

ಅಮಾವಾಸ್ಯೆಗೆ ಇಬ್ಬರೂ ಒಂದೇ ಕಡೆ ನಿಂತು ಎಳೆಯುತ್ತಾರೆ, ಉಬ್ಬರ ಜೋರು. ಸರಿ. ಹುಣ್ಣಿಮೆಗೆ ಎದುರುಬದುರು ನಿಂತಿರುತ್ತಾರಲ್ಲ, ಆಗಲೂ ಯಾಕೆ ಜೋರು? ಉಬ್ಬುವುದು ಎರಡೂ ಕಡೆ, ಅದಕ್ಕೆ. ಚಂದ್ರನ ಕಡೆಯ ನೀರು ಭೂಮಿಗಿಂತ ಹೆಚ್ಚು ಸೆಳೆತಕ್ಕೆ ಸಿಕ್ಕು ಮುಂದೆ ಹೋಗುತ್ತದೆ. ಆಚೆ ಬದಿಯ ನೀರಿಗೆ ಭೂಮಿಗಿಂತ ಕಡಿಮೆ ಸೆಳೆತ, ಅದು ಹಿಂದೆ ಉಳಿಯುತ್ತದೆ. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ ಬರುವುದೂ ಇದರಿಂದಲೇ. ಹಾಗಾಗಿ ಒಂದೇ ಗೆರೆಯಲ್ಲಿದ್ದರೆ ಸಾಕು, ಯಾವ ಕಡೆ ಎಂಬುದು ಮುಖ್ಯವಲ್ಲ. ಅಷ್ಟಮಿಯ ಹೊತ್ತಿಗೆ ಮಾತ್ರ ಸೂರ್ಯ ಅಡ್ಡ ದಿಕ್ಕಿನಿಂದ ಎಳೆದು ಚಂದ್ರನ ಕೆಲಸ ಕೆಡಿಸುತ್ತಾನೆ.

ಕುಮಟಾ ಬಳಿ ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ) ಆಯುವವರಿಗೆ ಇದು ಸುಮ್ನೆ ಓದುವ ವಿಷಯವಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಅಷ್ಟಾಗಿ ಇಳಿಯುವುದಿಲ್ಲ, ಕೆಸರು ದಿಬ್ಬ ಪೂರ್ತಿ ತೆರೆದುಕೊಳ್ಳುವುದಿಲ್ಲ. ಉಬ್ಬರದ ಹೊತ್ತು ಕೂಡ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ; ಚಂದ್ರನೂ ಅಷ್ಟೇ ತಡವಾಗಿ ಹುಟ್ಟುತ್ತಾನಲ್ಲ.

ನೀರು ಎಷ್ಟು ಏರುತ್ತದೆ ಎಂಬುದರಲ್ಲಿ ಮಾತ್ರ ದಡದ ಆಕಾರ, ಸಮುದ್ರದ ಆಳಗಳದ್ದೂ ದೊಡ್ಡ ಪಾತ್ರ. ನಮ್ಮ ಕರಾವಳಿಯಲ್ಲಿ ಏರಿಳಿತ ಸಾಮಾನ್ಯವಾಗಿ ಒಂದೆರಡು ಮೀಟರ್. ಅದೇ ಅರಬ್ಬಿ ಸಮುದ್ರ ಗುಜರಾತಿನ ಖಂಭಾತ್ ಕೊಲ್ಲಿಯೊಳಗೆ ನುಗ್ಗಿದಾಗ ಜಾಗ ಕಿರಿದಾಗುತ್ತಾ ಹೋಗುತ್ತದೆ. ಭಾವನಗರದ ಹತ್ತಿರ ನೀರು ಹತ್ತು ಮೀಟರ್‌ವರೆಗೂ ಏರಿಳಿಯುತ್ತದೆ.