ಪರದೆ ಮೇಲಿನ ಶೇಕಡಾವನ್ನು ಎಷ್ಟು ನಂಬಬೇಕು?

ಪಾವಗಡದ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ಮಧ್ಯಾಹ್ನ ಅಲ್ಲಿ ಕರೆಂಟಿಗೆ ಬರವಿಲ್ಲ. ಮನೆಮನೆಯಲ್ಲೂ ದೀಪ, ಫ್ಯಾನು ಹಾಕುವ ಸಂಜೆ ಏಳಕ್ಕೆ ಮಾತ್ರ ಏನೂ ಬರುವುದಿಲ್ಲ. ಅದಕ್ಕೇ ಈಗ ದೊಡ್ಡ ಬ್ಯಾಟರಿಗಳ ಮಾತು. ಛತ್ತೀಸ್‌ಗಢದ ರಾಜನಂದಗಾಂವ್‌ನಲ್ಲಿ ಸೋಲಾರ್ ಜೊತೆ 40 ಮೆಗಾವ್ಯಾಟಿನ ಬ್ಯಾಟರಿ ಇದೆ. ಅದರ ಸಂಗ್ರಹ 120 ಮೆಗಾವ್ಯಾಟ್ ಅವರ್, ಅಂದರೆ ಪೂರ್ತಿ ಶಕ್ತಿಯಲ್ಲಿ ಮೂರು ಗಂಟೆ.

ಇಂಥ ಬ್ಯಾಟರಿಗಳನ್ನು ಚಾಲೂ ಮಾಡಿಕೊಡುವುದು ನನ್ನ ಕೆಲಸ. ಜನ ಮೊದಲು ಕೇಳುವುದು ಬೆಂಕಿಯ ಬಗ್ಗೆ. ಆ ಭಯ ಸುಳ್ಳಲ್ಲ. 2019ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬ್ಯಾಟರಿ ಕೋಣೆಯ ಬಾಗಿಲು ತೆರೆದ ಮೇಲೆ ಒಳಗೆ ತುಂಬಿದ್ದ ಅನಿಲ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ಗಾಯಗೊಂಡರು. ಹತ್ತಿರದ ಫೈರ್ ಸ್ಟೇಷನ್ನಿನವರಿಗೆ ತರಬೇತಿ ಕೊಡದೆ ಯಾವ ಬ್ಯಾಟರಿಯನ್ನೂ ಚಾಲೂ ಮಾಡಬಾರದು. ಆದರೆ ದಿನಾ ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಒಳಗೆ ಎಷ್ಟು ಚಾರ್ಜ್ ಉಳಿದಿದೆ?

ಒಂದು ಸೈಟಿನಲ್ಲಿ ಸಂಜೆ ಪರದೆ ಶೇ 28 ಚಾರ್ಜ್ ತೋರಿಸುತ್ತಿತ್ತು. ನೋಡನೋಡುತ್ತಿದ್ದಂತೆ ಬ್ಯಾಟರಿಯ ಒಂದು ಸಾಲು ಪೂರ್ತಿ ಬಂದ್ ಆಯಿತು. ಕರೆಂಟ್ ಬೇಕೇ ಬೇಕಿದ್ದ ಹೊತ್ತಿನಲ್ಲೇ ಕೈಕೊಟ್ಟಿತು.

ಮನೆಯ ಗ್ಯಾಸ್ ಸಿಲಿಂಡರ್ ನೆನಪಿಸಿಕೊಳ್ಳಿ. ಕೊನೆಯ ದಿನದವರೆಗೂ ಉರಿ ಒಂದೇ ಥರ ಇರುತ್ತದೆ, ಆಮೇಲೆ ದಿಢೀರನೆ ಆರುತ್ತದೆ, ಅಲ್ವಾ? ದೊಡ್ಡ ಬ್ಯಾಟರಿ ಅಂದರೆ ಸೆಲ್ ಎಂಬ ಚಿಕ್ಕ ಬ್ಯಾಟರಿಗಳ ಜೋಡಣೆ. ಈಗ ಹೆಚ್ಚಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲೂ ಹಾಗೇ. ಚಾರ್ಜ್ ಶೇ 80 ಇದ್ದರೂ ಶೇ 30 ಇದ್ದರೂ ವೋಲ್ಟೇಜ್ ಸುಮಾರು 3.2, 3.3 ವೋಲ್ಟ್ ಆಸುಪಾಸಿನಲ್ಲೇ. ವೋಲ್ಟೇಜ್ ನೋಡಿ ಅಂದಾಜು ಮಾಡುವುದು ಕಷ್ಟ. ಹಾಗಾಗಿ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುತ್ತಾರೆ. ಎಣಿಕೆಯ ಸಣ್ಣ ತಪ್ಪು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಪೂರ್ತಿ ಚಾರ್ಜ್ ಆದಾಗ ವೋಲ್ಟೇಜ್ ಏರುತ್ತದೆ, ಆಗ ಲೆಕ್ಕ ಸರಿಪಡಿಸಬಹುದು. ಮಳೆಗಾಲದ ಮೋಡದಲ್ಲಿ ವಾರಗಟ್ಟಲೆ ಆ ಅವಕಾಶವೇ ಸಿಗದೆ ಹೋಗಬಹುದು.

ಇನ್ನೊಂದು ತೊಡಕಿದೆ. 1,500 ವೋಲ್ಟ್ ವ್ಯವಸ್ಥೆಯ ಒಂದು ಸಾಲಿನಲ್ಲಿ 400ಕ್ಕೂ ಜಾಸ್ತಿ ಸೆಲ್‌ಗಳು ಸರಣಿಯಲ್ಲಿರುತ್ತವೆ, ಅಂದರೆ ಒಂದೇ ಕರೆಂಟ್ ಎಲ್ಲದರ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಒಂದು ಸೊರಗಿದರೂ ಅದನ್ನು ಕಾಪಾಡಲು ಇಡೀ ಸಾಲನ್ನೇ ನಿಲ್ಲಿಸಬೇಕು. ನಮ್ಮ ಸೈಟಿನಲ್ಲಿ ಆಗಿದ್ದೂ ಅದೇ. ಆ ಸೆಲ್ ಇದ್ದ ಮೂಲೆಗೆ ತಂಪು ಸರಿಯಾಗಿ ತಲುಪುತ್ತಿರಲಿಲ್ಲ. ಬಿಸಿಯಲ್ಲಿ ಸೆಲ್ ಬೇಗ ಮುದಿಯಾಗುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ನಿಂತ ಬ್ಯಾಟರಿ ಕಂಟೇನರನ್ನು ತಂಪಾಗಿಡಲು ಅದೇ ಕರೆಂಟಿನಲ್ಲಿ ಒಂದು ಪಾಲು ಖರ್ಚಾಗುತ್ತದೆ, ಅದನ್ನು ಉಳಿಸಲು ಹೋಗಬಾರದು.

ಬ್ಯಾಟರಿ ಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಸುಮ್ನೆ ಮೆಗಾವ್ಯಾಟ್ ನೋಡಿ ಸಹಿ ಹಾಕಬೇಡಿ. ಆಗಾಗ ಪೂರ್ತಿ ಚಾರ್ಜ್ ಮಾಡಿ ಲೆಕ್ಕ ಸರಿಪಡಿಸಲು ಒಪ್ಪಂದದಲ್ಲೇ ದಿನ ಮೀಸಲಿಡಿ. ಒಂದೊಂದು ಸೆಲ್‌ನ ವೋಲ್ಟೇಜ್, ಬಿಸಿ ನಿಮ್ಮ ಆಪರೇಟರ್‌ಗೆ ನೇರವಾಗಿ ಕಾಣಬೇಕು ಎಂದು ಬರೆಸಿಕೊಳ್ಳಿ. ನಮಗೆ ಆ ಮಾಹಿತಿ ಸಿಕ್ಕಿದ್ದು ಸಾಲು ನಿಂತ ಮೂರನೇ ದಿನ.