ಚೊಂಬಿನ ಹೊಟ್ಟೆ ಎಲ್ಲಿದೆ?

ವಿನ್ಯಾಸ ಕಲಿಯಲು ಬಂದ ಮಕ್ಕಳ ಮುಂದೆ ಮೊದಲ ವಾರ ನಾನು ಇಡುವುದು ಒಂದು ಹಿತ್ತಾಳೆ ಚೊಂಬು. ಇಟ್ಟ ಕೂಡಲೇ ನಗು ಏಳುತ್ತದೆ. ‘ಫೀಸು ಕಟ್ಟಿಸಿಕೊಂಡು ಚೊಂಬು ಕೊಟ್ಟರು’ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಅಂದೇ ಅನ್ನುತ್ತಾರೆ. ನಗು ಇಳಿಯುವವರೆಗೆ ಕಾದು, ಇಪ್ಪತ್ತು ನಿಮಿಷ ಸಮಯ, ರಬ್ಬರ್ ಮುಟ್ಟುವಂತಿಲ್ಲ, ಕಂಡದ್ದನ್ನು ಕಂಡಂತೆ ಚಿತ್ರ ಬರೆಯಿರಿ ಎನ್ನುತ್ತೇನೆ.

ಆಮೇಲೆ ಹಾಳೆಗಳನ್ನೆಲ್ಲ ಗೋಡೆಗೆ ಅಂಟಿಸಿದರೆ ಸಾಲಾಗಿ ಚೊಂಬುಗಳು. ಮೇಜಿನ ಮೇಲಿರುವ ಚೊಂಬು ಮಾತ್ರ ಅವುಗಳಲ್ಲಿಲ್ಲ. ಬಾಯಿ ಮಾವಿನೆಲೆಯಂತೆ ಎರಡೂ ತುದಿಯಲ್ಲಿ ಚೂಪು. ತಳ ಸ್ಕೇಲಿಟ್ಟು ಎಳೆದಂತೆ ನೇರ. ಹೊಟ್ಟೆಯ ಅತಿ ಅಗಲದ ಜಾಗ ಎತ್ತರದ ನಟ್ಟನಡುವೆ. ನನ್ನ ಚೊಂಬಿನ ಹೊಟ್ಟೆ ನಡುವಿಗಿಂತ ಎರಡು ಬೆರಳು ಕೆಳಗಿದೆ. ಅದಕ್ಕೇ ಅದು ತಟ್ಟನೆ ಉರುಳುವುದಿಲ್ಲ. ಆ ಎರಡು ಬೆರಳನ್ನು ಹೆಚ್ಚಿನವರು ನೋಡಿರುವುದೇ ಇಲ್ಲ. ಚೊಂಬು ಎಂಬ ಹೆಸರು ಗೊತ್ತಿದೆ, ಹೆಸರಿನ ಜೊತೆಗೆ ತಲೆಯಲ್ಲಿ ಒಂದು ಸಿದ್ಧ ಚಿತ್ರವೂ ಇದೆ. ಅದನ್ನು ಇಳಿಸಿಬಿಟ್ಟರೆ ಎದುರಿಗಿರುವುದನ್ನು ನೋಡುವ ತಾಪತ್ರಯವೇ ತಪ್ಪಿತು.

‘ನನಗೆ ಕೈ ಓಡುವುದಿಲ್ಲ ಸರ್’ ಎನ್ನುವವರು ಪ್ರತಿ ವರ್ಷ ಇರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಳ, ಣ, ಖ ಅಕ್ಷರಗಳನ್ನು ಸುಳಿ ತಪ್ಪದೆ ಬರೆಯುವ ಕೈಗೆ ಒಂದು ಚೊಂಬಿನ ಬಳುಕು ಯಾವ ಮಹಾ? ಪಳಗಬೇಕಾದದ್ದು ಕಣ್ಣು. ಅದಕ್ಕೆ ಬೇಕಾದದ್ದು ಅಗ್ಗದ ಹಾಳೆ, ಒಂದು 2ಬಿ ಪೆನ್ಸಿಲ್, ಒಂದೇ ಕಡೆಯಿಂದ ಬೀಳುವ ಬೆಳಕು, ಮತ್ತೆ ಮತ್ತೆ ಅದೇ ಪಾತ್ರೆ. ದಿನಕ್ಕೊಂದು ಹೊಸ ವಸ್ತು ಬರೆಯುವವರಿಗಿಂತ ಹತ್ತು ದಿನ ಒಂದೇ ಚೊಂಬನ್ನು ಬರೆದವರು ಬೇಗ ಕಲಿಯುವುದನ್ನು ಕಂಡಿದ್ದೇನೆ.

ಬಾಯಿಯ ವಿಷಯಕ್ಕೆ ಬರೋಣ, ಮುಗ್ಗರಿಸುವವರೆಲ್ಲ ಮುಗ್ಗರಿಸುವುದು ಅಲ್ಲೇ. ದುಂಡಗಿನ ಬಾಯಿಯನ್ನು ಓರೆಯಾಗಿ ನೋಡಿದಾಗ ಅದು ದೀರ್ಘವೃತ್ತವಾಗಿ ಕಾಣುತ್ತದೆ. ದೀರ್ಘವೃತ್ತಕ್ಕೆ ಮೂಲೆಯಿಲ್ಲ, ಎಷ್ಟೇ ಚಪ್ಪಟೆಯಾದರೂ ತುದಿಯಲ್ಲಿ ತಿರುಗಿಯೇ ಬರುತ್ತದೆ. ಚೊಂಬನ್ನು ಮೇಜಿನಿಂದ ನಿಧಾನವಾಗಿ ಮೇಲೆತ್ತಿ ನೋಡಿ. ಬಾಯಿ ಸಪೂರವಾಗುತ್ತ ಹೋಗಿ, ಕಣ್ಣಿನ ಮಟ್ಟಕ್ಕೆ ಬಂದಾಗ ಬರೀ ಗೆರೆಯಾಗುತ್ತದೆ. ಮತ್ತೆ ಕೆಳಗಿಟ್ಟರೆ ಅರಳುತ್ತದೆ. ಹಾಗಾದರೆ ಬಾಯಿಗಿಂತಲೂ ಕೆಳಗಿರುವ ತಳದ ಗತಿಯೇನು? ಕಣ್ಣು ಅದನ್ನು ಇನ್ನೂ ಕಡಿದಾಗಿ ನೋಡುತ್ತಿದೆಯಲ್ಲ, ಆದ್ದರಿಂದ ತಳದ ಗೆರೆ ಬಾಯಿಯ ಗೆರೆಗಿಂತ ಹೆಚ್ಚು ತುಂಬಿಕೊಂಡು ಬಾಗಬೇಕು. ಚಪ್ಪಟೆ ಮೇಜಿನ ಮೇಲೆ ಕುಳಿತ ತಳ ಬಾಗಿ ಕಾಣುತ್ತದೆ ಎಂಬುದನ್ನು ಬುದ್ಧಿ ಒಪ್ಪುವುದಿಲ್ಲ. ಅದನ್ನು ಒಪ್ಪಿಸಲು ಕೆಲವರಿಗೆ ಮೂರು ದಿನ ಬೇಕಾಗುತ್ತದೆ.

ಅಳತೆಗೆ ಪೆನ್ಸಿಲ್ಲೇ ಸಾಕು. ಮೊಣಕೈ ಮಡಚದೆ ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಬಾಯಿಯ ಅಗಲವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತು ಹಿಡಿಯಬೇಕು. ಎತ್ತರದಲ್ಲಿ ಅಂಥ ಬಾಯಿ ಎಷ್ಟು? ಹೊಟ್ಟೆಯಲ್ಲಿ ಎಷ್ಟು? ತೋಳು ಮಡಚಿದರೆ ಲೆಕ್ಕ ಕೆಟ್ಟಿತು. ಇನ್ನೊಂದು ಉಪಾಯವೂ ಇದೆ: ಎರಡು ಚೊಂಬು ಪಕ್ಕಪಕ್ಕ ಇಟ್ಟು, ಚೊಂಬು ಬಿಟ್ಟು ನಡುವಿನ ಸಂದನ್ನು ಮಾತ್ರ ಬರೆಯುವುದು. ಸಂದಿಗೆ ಹೆಸರಿಲ್ಲ, ತಲೆಯಲ್ಲಿ ಅದರ ಸಿದ್ಧ ಚಿತ್ರವೂ ಇಲ್ಲ. ಹಾಗಾಗಿ ನೋಡದೆ ಗತಿಯಿಲ್ಲ.

ಮೊಬೈಲಿನಲ್ಲಿ ಫೋಟೋ ತೆಗೆದು ಅದನ್ನೇ ನಕಲು ಮಾಡುವವರಿಗೆ ಒಂದು ಮಾತು. ಹತ್ತಿರದಿಂದ ತೆಗೆದ ಫೋಟೋದಲ್ಲಿ ಲೆನ್ಸಿಗೆ ಸಮೀಪದ ಬಾಯಿ ಉಬ್ಬಿ, ದೂರದ ತಳ ಕುಗ್ಗಿರುತ್ತದೆ. ಆ ಅಳತೆ ನಂಬಿ ಪಾತ್ರೆ ಮಾಡಲು ಹೊರಟರೆ ಮುಗಿಯಿತು.

ಈ ಚೊಂಬಿನ ಹುಚ್ಚು ನನ್ನೊಬ್ಬನದೇ ಅಲ್ಲ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾದದ್ದು ಅದರ ಬೆನ್ನಲ್ಲೇ. ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಎತ್ತಿ ಹಿಡಿದದ್ದು ಲೋಟಾ, ಅಂದರೆ ನಮ್ಮ ಚೊಂಬು. ಆ ಹೊಗಳಿಕೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ಜೊತೆಗಿರುವ ಪ್ರಶ್ನೆಗಳ ಪಟ್ಟಿ: ಎಷ್ಟು ನೀರು, ಯಾರ ಕೈ, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಹೇಗೆ, ಬರಿದಾದಾಗ ಹೇಗೆ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ. ಬರೆಯುತ್ತ ಕುಳಿತವನಿಗೆ ಇಂಥ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಕಳೆದ ವರ್ಷ ಒಬ್ಬ ಹುಡುಗಿ ಆರನೇ ದಿನ ಬಾಯಂಚನ್ನು ಬರೆಯುತ್ತಿದ್ದವಳು ತಟ್ಟನೆ ನಿಲ್ಲಿಸಿ, ‘ಇದು ಹೊರಕ್ಕೆ ಯಾಕೆ ಮಗುಚಿದೆ ಸರ್?’ ಎಂದಳು. ಉತ್ತರ ಹೇಳದೆ ನೀರು ತುಂಬಿ ಕೈಗೆ ಕೊಟ್ಟೆ. ಬೆರಳು ಅಂಚಿನ ಕೆಳಗೆ ಸಿಕ್ಕಿಕೊಂಡಿತು. ಬಗ್ಗಿಸಿದಾಗ ನೀರು ಹೊಟ್ಟೆಯ ಮೇಲೆ ಇಳಿಯದೆ ಆಚೆ ಬಿತ್ತು.

ಇದನ್ನೆಲ್ಲ ನಾನೂ ಪೆಟ್ಟು ತಿಂದೇ ಕಲಿತವನು. ಬಹಳ ಹಿಂದೆ, ಕುಂಕುಮದ ಭರಣಿಯ ಒಂದು ಚಿತ್ರ ಹಿಡಿದು ಚನ್ನಪಟ್ಟಣಕ್ಕೆ ಹೋಗಿದ್ದೆ. ನೆರಳು ಬೆಳಕು ಎಲ್ಲ ತುಂಬಿದ, ನನ್ನ ಮಟ್ಟಿಗೆ ಸೊಗಸಾದ ಚಿತ್ರ. ಯಂತ್ರದಲ್ಲಿ ತಿರುಗುವ ಮರಕ್ಕೆ ಉಳಿ ಹಿಡಿದು ಆಕಾರ ಕೊಡುವ ಕಡಚಲು ಕೆಲಸದ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ‘ಚೆನ್ನಾಗಿದೆ ಮೇಷ್ಟ್ರೇ. ಆದರೆ ಈ ಕಂಠದ ಸಂದಿಗೆ ನನ್ನ ಉಳಿ ಎಲ್ಲಿಂದ ಹೋಗಬೇಕು?’ ಎಂದರು. ಉಳಿ ಹೋದರೂ ಬಣ್ಣ ಹಚ್ಚುವ ಅರಗಿನ ಕಡ್ಡಿ ಹೋಗದು, ಹೊಳಪು ಕೊಡುವ ಕೇದಗೆಯ ಗರಿ ಮೊದಲೇ ಹೋಗದು. ಹೊರಗಿನ ಅಂದ ಬರೆದಿದ್ದೆನೇ ಹೊರತು ಗೋಡೆ ಎಷ್ಟು ದಪ್ಪ, ಒಳಗೆ ಎಷ್ಟು ಆಳ ಎಂದು ಯೋಚಿಸಿರಲೇ ಇಲ್ಲ.

ಅವರು ನೆಲದ ಮೇಲಿನ ಮರದ ಹೊಟ್ಟನ್ನು ಅಂಗೈಯಿಂದ ಸವರಿ, ಬೆರಳಿನಿಂದ ಒಂದು ನೆಟ್ಟನೆಯ ಗೆರೆ ಎಳೆದರು. ಅದರ ಬಲಗಡೆಗೆ ಮಾತ್ರ ಒಂದು ಬಳುಕು. ಅಷ್ಟೇ. ಹಾಲೆಮರದ ತುಂಡು ಯಂತ್ರದಲ್ಲಿ ತಿರುಗುವಾಗ ಅವರು ಕಣ್ಣಿಡುವುದು ಅದರ ಅಂಚಿನ ಮೇಲೆ. ಅವರ ಪಾಲಿಗೆ ಇಡೀ ಭರಣಿ ಎಂದರೆ ಆ ಒಂದು ಗೆರೆ. ಶಾಲೆಯಲ್ಲಿ ಪೆನ್ಸಿಲ್ ಹಿಡಿದದ್ದೇ ಕಡೆ ಎಂದು ಹೇಳಿಕೊಂಡ ಮನುಷ್ಯ ಎಳೆದ ಆ ಗೆರೆಯಲ್ಲಿ, ಹೊಟ್ಟೆ ಎಲ್ಲಿ ಮುಗಿದು ಕಂಠ ಎಲ್ಲಿ ಶುರುವಾಗುತ್ತದೆ ಎಂಬುದರ ಬಗ್ಗೆ ಅನುಮಾನವೇ ಇರಲಿಲ್ಲ.

ಅಲ್ಲೇ ಕುಳಿತು ಹೊಸದಾಗಿ ಬರೆದೆ. ನಡುವೆ ಅಕ್ಷ, ಒಂದು ಪಕ್ಕ ಹೊರಗಿನ ಗೆರೆ, ಇನ್ನೊಂದು ಪಕ್ಕ ಸೀಳಿದ ನೋಟ, ಗೋಡೆಯ ದಪ್ಪ. ನೆರಳಿಲ್ಲ, ಹೊಳಪಿಲ್ಲ. ನೋಡಲು ಏನೇನೂ ಚೆನ್ನಾಗಿರಲಿಲ್ಲ. ಅವರು ಹಾಳೆಯನ್ನು ಅಕ್ಷದ ಗೆರೆಗೆ ಸರಿಯಾಗಿ ಮಡಚಿ, ಹೊರಗಿನ ಗೆರೆಯ ಗುಂಟ ಕತ್ತರಿಯಾಡಿಸಿ, ಆ ಅಚ್ಚನ್ನು ಯಂತ್ರದ ಪಕ್ಕದ ಮೊಳೆಗೆ ಚುಚ್ಚಿಕೊಂಡು ಉಳಿ ಕೈಗೆತ್ತಿಕೊಂಡರು.