ಪಿಟೀಲು ಹಿಡಿದ ಚಿತ್ರಕಾರ, ಒದ್ದೆ ಗಾಜಿನ ಮೇಲೆ

1865ರ ಒಂದು ಫೋಟೊದಲ್ಲಿ ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಫ್ರೆಡರಿಕ್ ವಾಟ್ಸ್ ಪಿಟೀಲು ಹಿಡಿದು ಕೂತಿದ್ದಾರೆ, ಜೊತೆಗೆ ಇಬ್ಬರು ಪುಟ್ಟ ಹುಡುಗಿಯರು. ತೆಗೆದವರು ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಅವರಿಗೆ 48 ವರ್ಷವಾಗಿದ್ದಾಗ ಮಗಳು, ಅಳಿಯ ಒಂದು ಕ್ಯಾಮೆರಾ ಕೊಟ್ಟರು. ಐಲ್ ಆಫ್ ವೈಟ್ ದ್ವೀಪದ ಮನೆಯ ಕೋಳಿಗೂಡು ಸ್ಟುಡಿಯೊ ಆಯಿತು, ಕಲ್ಲಿದ್ದಲಿನ ಕೊಠಡಿ ಕತ್ತಲಕೋಣೆಯಾಯಿತು.

ಕ್ಯಾಮರಾನ್ ತೆಗೆದ ಚಿತ್ರಗಳು ಮಸುಕಾಗಿ ಕಾಣುತ್ತವೆ. ಆ ಮಸುಕಿಗೆ ಕಲೆಯಷ್ಟೇ ರಸಾಯನಶಾಸ್ತ್ರವೂ ಕಾರಣ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನ ಅದು. ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯನ್ನು ಈಥರ್, ಆಲ್ಕೊಹಾಲ್ ಬೆರಕೆಯಲ್ಲಿ ಕರಗಿಸಿ, ಅಯೊಡೈಡ್ ಲವಣ ಸೇರಿಸಿದರೆ ಅಂಟಂಟಾದ ಕೊಲೋಡಿಯನ್ ಸಿದ್ಧ. ಅದನ್ನು ಉಜ್ಜಿ ತೊಳೆದ ಗಾಜಿನ ನಡುವೆ ಸುರಿದು, ಗಾಜನ್ನು ವಾಲಿಸುತ್ತಾ ಒಂದೊಂದೇ ಮೂಲೆಗೆ ಹರಿಸಿ, ಮಿಕ್ಕಿದ್ದನ್ನು ಕೊನೆಯ ಮೂಲೆಯಿಂದ ಸೀಸೆಗೆ ಬಸಿಯಬೇಕು. ಪದರ ಜೆಲ್ಲಿಯಂತಾದ ಕೂಡಲೇ, 100 ಮಿಲಿ ನೀರಿಗೆ 7-8 ಗ್ರಾಂನಷ್ಟು ಸಿಲ್ವರ್ ನೈಟ್ರೇಟ್ ಕರಗಿಸಿದ ದ್ರಾವಣದಲ್ಲಿ ಮೂರು ನಾಲ್ಕು ನಿಮಿಷ ಅದ್ದಬೇಕು. ಹೊರಬರುವಾಗ ಗಾಜು ಕೆನೆಬಣ್ಣಕ್ಕೆ ತಿರುಗಿರುತ್ತದೆ, ಬೆಳಕನ್ನು ಹಿಡಿಯುವ ಬೆಳ್ಳಿಯ ಅಯೊಡೈಡ್ ಅದು.

ಇಲ್ಲಿಂದ ಓಟ. ಈಥರ್ ಆರುವ ಮೊದಲೇ, ಅಂದರೆ ಸುಮಾರು ಹತ್ತು ಹದಿನೈದು ನಿಮಿಷದೊಳಗೆ, ಬೆಳಕಿಗೊಡ್ಡಿ ಡೆವಲಪ್ ಮಾಡಿ, ಅಂದರೆ ಚಿತ್ರ ಮೂಡಿಸಿ, ಮುಗಿಸಬೇಕು. ಒಣಗಿದ ಪದರದೊಳಕ್ಕೆ ಡೆವಲಪರ್ ಇಳಿಯುವುದಿಲ್ಲ. ಡೆವಲಪರ್ ಎಂದರೆ ಅಸಿಟಿಕ್ ಆಮ್ಲ ಬೆರೆಸಿದ ಕಬ್ಬಿಣದ ಸಲ್ಫೇಟ್. ಆಮ್ಲ ಕಡಿಮೆಯಾದರೆ ಇಡೀ ಗಾಜು ಮಂಜು ಕವಿದಂತಾಗುತ್ತದೆ. ಅದನ್ನು ಒಂದೇ ಅಲೆಯಲ್ಲಿ ಸುರಿಯದೆ ಕೈ ತಡೆದರೆ ಅಲ್ಲೊಂದು ಗೆರೆ ನಿಂತುಬಿಡುತ್ತದೆ.

ಕ್ಯಾಮರಾನ್ ಮೊದಮೊದಲು ಬಳಸಿದ್ದು ಸುಮಾರು 9x11 ಇಂಚಿನ ಗಾಜು. ಅಷ್ಟು ಅಗಲದ ಚಿತ್ರಕ್ಕೆ ಮುಖ ಹತ್ತಿರವಿರಬೇಕು, ಮಸೂರ ಪೂರ್ತಿ ತೆರೆದಿರಬೇಕು. ಆಗ ಫೋಕಸ್ ನಿಲ್ಲುವ ಆಳ ತೀರಾ ಕಡಿಮೆ: ಕಣ್ಣು ಸ್ಪಷ್ಟವಾದರೆ ಕಿವಿ ಕರಗುತ್ತದೆ. ಕುಳಿತವರು ಮಿಸುಕದೆ ನಿಮಿಷಗಟ್ಟಲೆ ಇರಬೇಕಾಗಿತ್ತು. ಉಸಿರಾಟವೂ ಚಿತ್ರದಲ್ಲಿ ದಾಖಲಾಗುತ್ತದೆ. ಜೊತೆಗೆ ಕೊಲೋಡಿಯನ್‌ಗೆ ಕಾಣುವುದು ಮುಖ್ಯವಾಗಿ ನೀಲಿ, ನೇರಳೆ ಬೆಳಕು. ನೀಲಿ ಕಣ್ಣು ಬಿಳಿಚುತ್ತದೆ, ಕೆಂಪು ತುಟಿ ಕಪ್ಪಾಗುತ್ತದೆ. ಚಿತ್ರಕಾರ ಬಣ್ಣದಲ್ಲಿ ತೂಗಿ ನೋಡುವ ಮುಖವನ್ನು ಈ ಗಾಜು ಬೇರೆಯದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಫೋಕಸ್ ಮಾಡುವಾಗ ಕಣ್ಣಿಗೆ ಚೆಲುವೆನಿಸಿದಲ್ಲೇ ನಿಲ್ಲಿಸುತ್ತಿದ್ದೆ ಎಂದು ಕ್ಯಾಮರಾನ್ ಬರೆದಿದ್ದಾರೆ. ನನ್ನ ಮಟ್ಟಿಗೆ ಅದು ಅವರ ಅಜ್ಞಾನವಲ್ಲ, ಆಯ್ಕೆ.

ಪ್ರಿಂಟ್‌ಗೆ ಬೇಕಾದದ್ದು ಉಪ್ಪು ಬೆರೆಸಿದ ಮೊಟ್ಟೆಯ ಬಿಳಿ ಲೋಳೆ ಹಚ್ಚಿದ ಕಾಗದ. ಅದನ್ನು ಬೆಳ್ಳಿಯ ದ್ರಾವಣದ ಮೇಲೆ ತೇಲಿಸಿ, ಒಣಗಿಸಿ, ಗಾಜಿನ ನೆಗೆಟಿವ್‌ಗೆ ಒತ್ತಿ ಬಿಸಿಲಿಗಿಡುತ್ತಿದ್ದರು. ಹಾಗಾಗಿ ಗಾಜಿನಷ್ಟೇ ದೊಡ್ಡದು ಪ್ರಿಂಟ್. ಆಮೇಲೆ ಚಿನ್ನದ ಕ್ಲೋರೈಡಿನಲ್ಲಿ ಅದ್ದಿದರೆ ನೇರಳೆ ಛಾಯೆಯ ಕಂದು ಬರುತ್ತದೆ. ಕೊನೆಗೆ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣ. ಬೆಳ್ಳಿಯ ಲವಣಗಳನ್ನು ಹೈಪೊ ಕರಗಿಸುತ್ತದೆ ಎಂದು 1819ರಲ್ಲಿ ಕಂಡುಕೊಂಡ ಜಾನ್ ಹರ್ಷೆಲ್, ಕ್ಯಾಮರಾನ್ ಅವರ ಹಳೆಯ ಸ್ನೇಹಿತರು. ಹೈಪೊ ಪೂರ್ತಿ ತೊಳೆದುಹೋಗದಿದ್ದರೆ ಅದರ ಗಂಧಕ ಬೆಳ್ಳಿಯನ್ನು ತಿಂದು ಚಿತ್ರ ಹಳದಿಗಟ್ಟಿ ಮಾಸುತ್ತದೆ.

ಇಂಥ ಪ್ರಿಂಟ್ ಎದುರಾದರೆ ಮುಖ ನೋಡಿದ ಮೇಲೆ ಅಂಚುಗಳನ್ನೂ ನೋಡಿ. ಬಾಲವಿರುವ ಚುಕ್ಕಿ ಕಂಡರೆ ಪದರದಲ್ಲಿ ದೂಳಿನ ಕಣ ಸಿಕ್ಕಿತ್ತು. ಸುಳಿಯಂಥ ಗೆರೆ ದ್ರಾವಣ ಸಮನಾಗಿ ಹರಿಯದ್ದರ ಗುರುತು. ಮೂಲೆಯ ಬೆರಳಚ್ಚು ಗಾಜು ಹಿಡಿದ ಕೈಯದು.